ಗಮನಕ್ಕಪ್ಪ ಅತ್ತೆಗೆ ಕೋಟೆ ತೋರಿಸಿದ್ದು

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಗುಟ್ಟು ಕೊಡುತ್ತಾನೆ. ಎರಡನ್ನೂ ಒಬ್ಬನ ಕೈಗೇ ಕೊಟ್ಟರೆ ಏನಾದೀತು ಎಂದು ನೋಡುವ ಆಸೆ ಅವನಿಗೂ ಅಪರೂಪಕ್ಕೊಮ್ಮೆ ಆಗುತ್ತದೆ. ಹಾಗೆ ಆಸೆಯಾದ ದಿನ ಅವನ ಕಣ್ಣಿಗೆ ಬಿದ್ದವನು ನಮ್ಮ ಗಮನಕ್ಕಪ್ಪ.

ಗಮನಕ್ಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಊರ ಬಸ್ ನಿಲ್ದಾಣದ ನಡುವೆ ಒಂದು ಗಾಜಿನ ಗೂಡು. ಅದರಲ್ಲಿ ಒಂದು ಕುರ್ಚಿ, ಒಂದು ಮೈಕು, ಒಂದು ನೀರಿನ ಹೂಜಿ, ಒಬ್ಬ ಅವನು. ಯಾವ ಬಸ್ಸು ಎಲ್ಲಿಗೆ, ಯಾವಾಗ, ಎಲ್ಲಿಂದ ಹೊರಡುತ್ತದೆ ಎಂದು ಕೂಗುವುದು ಅವನ ಉದ್ಯೋಗ. ಪ್ರತಿ ಕೂಗೂ "ಪ್ರಯಾಣಿಕರ ಗಮನಕ್ಕೆ" ಎಂದೇ ಆರಂಭವಾಗುತ್ತಿದ್ದುದರಿಂದ ಊರು ಅವನಿಗೆ ಆ ಹೆಸರನ್ನು ದಯಪಾಲಿಸಿತು. ಅವನ ಧ್ವನಿ ಸಾಮಾನ್ಯದ್ದಲ್ಲ. ಗಂಟೆಯ ಹಾಗೆ ಮೊಳಗುತ್ತಿತ್ತು, ತುಪ್ಪದ ಹಾಗೆ ಇಳಿಯುತ್ತಿತ್ತು. ಆ ಧ್ವನಿ ಕೇಳಿದರೆ ಎಲ್ಲಿಗೂ ಹೋಗಬೇಕಿಲ್ಲದವರೂ ಎದ್ದು ನಿಂತು ಗಂಟುಮೂಟೆ ಹುಡುಕುತ್ತಿದ್ದರು. ಮನೆಯಲ್ಲೂ ಅದೇ ಅಭ್ಯಾಸ. "ಮನೆಯವರ ಗಮನಕ್ಕೆ, ಸ್ನಾನದ ನೀರು ಕಾದಿದೆ" ಎಂದು ಅವನು ಬಚ್ಚಲಿನಿಂದ ಹೇಳಿದರೆ ನೆರೆಹೊರೆಯವರೆಲ್ಲ ಟವಲು ತೆಗೆದುಕೊಳ್ಳುತ್ತಿದ್ದರಂತೆ.

ಇಂಥ ಧ್ವನಿಗೆ ಉತ್ತರ ಕೊಡದ ಜೀವ ಲೋಕದಲ್ಲಿ ಒಂದೇ ಒಂದಿತ್ತು. ಅದು ಅವನ ಅತ್ತೆ.

ಕಾರಣ ಹಳೆಯದು. ಮದುವೆಯ ದಿನ ಹುಡುಗಿಯ ಊರಿಗೆ ಹೋಗುವ ಬಸ್ಸನ್ನು ಗಮನಕ್ಕಪ್ಪ ತಾನೇ ಮೈಕಿನಲ್ಲಿ ಕೂಗಿದ. ಕೂಗಿದ ಚೆಂದಕ್ಕೆ ತಾನೇ ಮನಸೋತು ಇನ್ನೊಂದು ಸಲ ಕೂಗುತ್ತಿರುವಾಗ ಬಸ್ಸು ಹೊರಟೇ ಹೋಯಿತು. ಮದುಮಗ ತಲುಪುವ ಹೊತ್ತಿಗೆ ಅಡುಗೆ ಆರಿ, ನೆಂಟರು ಆಕಳಿಸಿ, ಹುಡುಗಿ ಅತ್ತು ಮುಗಿಸಿ ನಿದ್ದೆಗೆ ಬಿದ್ದಿದ್ದಳು. ಅಂದಿನಿಂದ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡಲಿಲ್ಲ. ಮಗಳ ಮೂಲಕ ಹೇಳಿಸುತ್ತಿದ್ದರು. ಮಗಳು ಇಲ್ಲದಿದ್ದರೆ ಗೋಡೆಯ ಮೂಲಕ.

"ಗೋಡೆಯೇ, ಉಪ್ಪು ಈ ಕಡೆ ಸರಿಸೋಕೆ ಹೇಳು."

ಗೋಡೆ ಹೇಳುತ್ತಿತ್ತು ಎಂದೇ ಇಟ್ಟುಕೊಳ್ಳಿ. ಗಮನಕ್ಕಪ್ಪ ಉಪ್ಪು ಸರಿಸುತ್ತಿದ್ದ. ಮದುವೆಯಾಗಿ ಮಕ್ಕಳು ದೊಡ್ಡವರಾದರೂ ಈ ವ್ಯವಸ್ಥೆಯಲ್ಲಿ ಲೋಪ ಬಂದಿರಲಿಲ್ಲ. ಅತ್ತೆಯ ಬಾಯಿಂದ ತನಗೆಂದು ಒಂದು ಮಾತು ಬೀಳಬೇಕು, ಅದು ಬೈಗುಳವಾದರೂ ಸರಿ ಎಂಬುದೊಂದೇ ಅವನಿಗೆ ಬಾಳಿನಲ್ಲಿ ಉಳಿದ ಆಸೆ.

ಮಾವ ತೀರಿಕೊಂಡ ಮೇಲೆ ಅತ್ತೆ ಮೊದಲ ಬಾರಿಗೆ ಮಗಳ ಮನೆಗೆ ಬಂದರು. ಬಂದವರು ಗೋಡೆಯ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಗಂಡನ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಸಂಜೆ ಮಾತ್ರ, ಕಿಟಕಿಯಿಂದ ದೂರದ ಬೆಟ್ಟದ ಮೇಲಿನ ಕೋಟೆ ನೋಡುತ್ತ ಮಗಳಿಗೆ ಹೇಳಿದರು: "ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ರು. ರಾಣಿ ಕೋಣೆ ನೋಡೋಕೆ ಎಷ್ಟು ಹೊತ್ತು ನಿಂತಿದ್ವಿ! ನಾನು ನೋಡಿದ್ದು ಏನು ಗೊತ್ತಾ? ಒಬ್ಬ ದಪ್ಪ ಮನುಷ್ಯನ ಬೆನ್ನು. ಆ ಬೆನ್ನಿನ ಆಚೆ ಏನಿತ್ತು ಅಂತ ನೋಡಿ ಸಾಯ್ಬೇಕು ಕಣೇ."

ಬಾಗಿಲ ಮರೆಯಲ್ಲಿದ್ದ ಗಮನಕ್ಕಪ್ಪ ಕಿವಿ ನಿಮಿರಿಸಿದ. ಅಷ್ಟರಲ್ಲಿ ಅವನ ಷಡ್ಡಕನ ಫೋನು ಬಂತು. ಷಡ್ಡಕ ಎಂದರೆ ಅತ್ತೆಯ ಕಿರಿಯ ಅಳಿಯ. ದೊಡ್ಡ ಕಚೇರಿಯ ಸಣ್ಣ ಅಧಿಕಾರಿ. ಅವನೊಡನೆ ಅತ್ತೆ ಗೋಡೆಯ ಸಹಾಯವಿಲ್ಲದೆ ಮಾತಾಡುತ್ತಿದ್ದರು. ಕೋಟೆಯ ಆಸೆಯನ್ನು ಅವನಿಗೂ ಹೇಳಿದರು.

"ಅತ್ತೆ, ಭಾನುವಾರ ನಾನೇ ಬರ್ತೀನಿ. ನನಗೆ ದೊಡ್ಡೋರೆಲ್ಲ ಪರಿಚಯ. ವಿಶೇಷ ಪಾಸು ಮಾಡಿಸಿ ತೋರಿಸ್ತೀನಿ," ಎಂದು ಆ ಕಡೆಯಿಂದ ಬಂದ ಮಾತು ಈ ಕಡೆ ಅಡುಗೆಮನೆಯವರೆಗೂ ಕೇಳಿಸಿತು.

ಭಾನುವಾರ! ಹಾಗಾದರೆ ಶನಿವಾರವೇ ತೋರಿಸಿಬಿಡಬೇಕು. ಆದರೆ ಆ ಕೋಟೆಯ ಖ್ಯಾತಿ ಸಣ್ಣದಲ್ಲ. ಹೊತ್ತೇರಿದರೆ ಸಾಕು, ದೇಶವಿದೇಶಗಳ ಜನ ಇರುವೆ ಸಾಲಿನಂತೆ ಬೆಟ್ಟ ಹತ್ತುತ್ತಿದ್ದರು. ಮತ್ತೆ ಒಂದು ಬೆನ್ನು ತೋರಿಸಿ ಕರೆತಂದರೆ ಅತ್ತೆ ಗೋಡೆಗೆ ಹೇಳುವುದನ್ನೂ ನಿಲ್ಲಿಸಿಯಾರು. ಯೋಚಿಸಿ ಯೋಚಿಸಿ ತಲೆ ಬಿಸಿಯಾಗಿದ್ದಾಗ, ದಿನಾ ಮೊದಲ ಬಸ್ಸಿಗೆ ಕೋಟೆಗೆ ಹೋಗುವ ತೋಟಗಾರ ಅವನಿಗೆ ದೇವರಂತೆ ಸಿಕ್ಕಿದ.

"ನೀವು ಮುಂಬಾಗಿಲಿಗೆ ಯಾಕೆ ಹೋಗ್ತೀರಿ ಸ್ವಾಮಿ? ಹಿಂದುಗಡೆ ನೀರಿನ ಬಾಗಿಲು ಅಂತ ಇದೆ. ನಸುಕಿಗೇ ತೆಗೀತಾರೆ. ಟಿಕೆಟ್ಟು ಅಲ್ಲೇ ಕೊಡ್ತಾರೆ. ನಾನೂ ಕಾವಲಿನವನೂ ಬಿಟ್ರೆ ಒಂದು ನರಪಿಳ್ಳೆ ಇರಲ್ಲ," ಎಂದ ತೋಟಗಾರ.

ಗಮನಕ್ಕಪ್ಪನಿಗೆ ಸ್ವರ್ಗದ ಹಿತ್ತಿಲ ಬಾಗಿಲು ಸಿಕ್ಕಂತಾಯಿತು.

ಇಲ್ಲಿ ಮೈಕಿನ ಬಗ್ಗೆ ಎರಡು ಮಾತು ಹೇಳದೆ ಕಥೆ ಮುಂದುವರಿಯದು. ಆ ಮೈಕಿಗೆ ಒಂದು ಗುಂಡಿ. ಮೇಲೆತ್ತಿದರೆ ಊರೆಲ್ಲ ಕೇಳುತ್ತದೆ, ಕೆಳಗೊತ್ತಿದರೆ ಸುಮ್ಮನಾಗುತ್ತದೆ. ಗಮನಕ್ಕಪ್ಪನ ಬೆರಳಿಗೆ ಇದು ಹುಟ್ಟುಗುಣದಷ್ಟು ಗಟ್ಟಿಯಾಗಿತ್ತು. ಆ ವಾರವಷ್ಟೇ ಹಳೆಯ ಗುಂಡಿ ಕೆಟ್ಟು, ವಿದ್ಯುತ್ ಕೆಲಸದವನು ಹೊಸದನ್ನು ತಲೆಕೆಳಗಾಗಿ ಕೂಡಿಸಿ ಹೋಗಿದ್ದ. "ನಾಲ್ಕು ದಿನ ಉಲ್ಟಾ ಒತ್ತಿ ಸಾರ್, ಅಭ್ಯಾಸ ಆಗುತ್ತೆ," ಎಂದಿದ್ದ. ಗಮನಕ್ಕಪ್ಪ ಹುಷಾರಾಗಿ ಉಲ್ಟಾ ಒತ್ತುತ್ತಲೇ ಇದ್ದ. ಶುಕ್ರವಾರ ಸಂಜೆ ಮಾತ್ರ, ಖುಷಿಯ ಭರದಲ್ಲಿ, ಬೆರಳು ತನ್ನ ಹಳೆಯ ಧರ್ಮಕ್ಕೆ ಮರಳಿತು. ಮೈಕು ಮುಚ್ಚಿದೆನೆಂದುಕೊಂಡು ತೆರೆದ. ತೆರೆದು, ಹೆಂಡತಿಗೆ ಫೋನು ಹಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಲೇ, ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಇಲ್ಲ ತಾನೇ? ಹಾಗಾದ್ರೆ ಕೇಳು."

ನಿಲ್ದಾಣದ ಹನ್ನೆರಡು ಕಂಬಗಳ ಹನ್ನೆರಡು ಧ್ವನಿವರ್ಧಕಗಳೂ "ಹಾಗಾದ್ರೆ ಕೇಳು" ಎಂದವು. ಜನ ಕೇಳಿದರು.

"ನಾಳೆ ನಸುಕಿಗೇ ಮೊದಲನೇ ಬಸ್ಸಿಗೆ ಕೋಟೆಗೆ ಹೋಗೋದು. ಮುಂಬಾಗಿಲಿಗೆ ಅಲ್ಲ, ಅಲ್ಲಿಗೆ ಹೋಗೋರು ಕುರಿಗಳು. ಹಿಂದೆ ನೀರಿನ ಬಾಗಿಲು ಅಂತ ಇದೆ. ಒಳಗೆ ಹೋಗಿ ಎಡಕ್ಕೆ ತಿರುಗಿದ್ರೆ ನೇರ ರಾಣಿ ಕೋಣೆ. ಒಂದು ನೊಣಾನೂ ಅಡ್ಡ ಬರಲ್ಲ. ಅಂಥಾ ಕೋಣೆ ಲೋಕದಲ್ಲೇ ಇಲ್ವಂತೆ... ಹೂಂ, ಯಾರಿಗೂ ಬಾಯಿ ಬಿಡಬೇಡ. ಅದರಲ್ಲೂ ಆ ಮೂಲೆಮನೆ ದರ್ಜಿಗೆ! ಅವನ ಕಿವಿಗೆ ಬಿದ್ರೆ ಊರಿಗೆ ಡಂಗುರ ಹೊಡೆದ ಹಾಗೆ."

ಮೂಲೆಮನೆ ದರ್ಜಿ ಆ ಹೊತ್ತಿಗೆ ಎರಡನೆಯ ಕಂಬದ ಕೆಳಗೆ, ಹೊಲಿದ ಅಂಗಿಗಳ ಗಂಟು ಹಿಡಿದು ನಿಂತಿದ್ದ. ಬಾಳೆಹಣ್ಣು ಮಾರುವವಳು ತಕ್ಕಡಿ ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದಳು. ಕಂಡಕ್ಟರುಗಳು ಸೀಟಿ ಊದುವುದನ್ನು ಮರೆತರು. ಆ ನಿಲ್ದಾಣದ ಇತಿಹಾಸದಲ್ಲಿ ಒಂದು ಘೋಷಣೆಯನ್ನು ಜನ ಕೊನೆಯವರೆಗೆ ಕೇಳಿಸಿಕೊಂಡದ್ದು ಅದೇ ಮೊದಲು.

ಗಾಜಿನೊಳಗಿದ್ದ ಗಮನಕ್ಕಪ್ಪನಿಗೆ ಏನೂ ತಿಳಿಯಲಿಲ್ಲ. ತನ್ನ ಧ್ವನಿ ನಾಲ್ಕು ದಿಕ್ಕಿನಲ್ಲೂ ಮೊಳಗುವುದು ಅವನಿಗೆ ಉಸಿರಾಟದಷ್ಟೇ ಸಹಜ. ಕೆಲಸ ಮುಗಿಸಿ ಹೊರಬಂದಾಗ ಎಲ್ಲರೂ ಅವನನ್ನು ನೋಡಿ ವಿಶೇಷ ಪ್ರೀತಿಯಿಂದ ನಕ್ಕರು. ಬಾಳೆಹಣ್ಣಿನವಳು ಒಂದು ಹಣ್ಣನ್ನು ಸುಮ್ಮನೆ ಕೊಟ್ಟು, "ನೀವು ಚೆನ್ನಾಗಿರ್ಬೇಕು ಅಣ್ಣಾ, ಬಡವರಿಗೂ ದಾರಿ ತೋರಿಸಿದ್ರಿ," ಎಂದಳು.

"ಅದು ನನ್ನ ಕರ್ತವ್ಯ ತಾಯಿ," ಎಂದ ಗಮನಕ್ಕಪ್ಪ, ಬಸ್ಸಿನ ವಿಷಯ ಇರಬೇಕು ಎಂದುಕೊಂಡು. ಹಣ್ಣು ತಿನ್ನುತ್ತ, ದೇವರು ದೊಡ್ಡವನು ಎಂದುಕೊಳ್ಳುತ್ತ ಮನೆಗೆ ಹೋದ.

ಮರುದಿನ ಬೆಳಕು ಹರಿಯುವ ಮುಂಚೆ ಮೂವರೂ ನಿಲ್ದಾಣಕ್ಕೆ ಬಂದರು. ಮುಂದೆ ಗಮನಕ್ಕಪ್ಪ, ಕೈಯಲ್ಲಿ ಬುತ್ತಿ. ಹಿಂದೆ ಹೆಂಡತಿ, ಅವಳ ಕೈ ಹಿಡಿದು ಅತ್ತೆ.

"ಇಷ್ಟು ಹೊತ್ತಿಗೆ ಕೋಳಿಯೂ ಎದ್ದಿರಲ್ಲ ಅಂತ ನಿನ್ನ ಗಂಡನಿಗೆ ಹೇಳು," ಎಂದರು ಅತ್ತೆ.

"ರೀ, ಕೋಳಿಯೂ ಎದ್ದಿರಲ್ಲವಂತೆ."

"ಅದೇ ಉಪಾಯ ಅಂತ ಅತ್ತೆಯೋರಿಗೆ ಹೇಳು. ಕೋಳಿ ಎದ್ದರೆ ಜನ ಏಳ್ತಾರೆ," ಎಂದು ಗಮನಕ್ಕಪ್ಪ ಮೂಲೆ ತಿರುಗಿದ.

ತಿರುಗಿದವನು ಹಾಗೇ ನಿಂತ. ಕೋಳಿಯ ವಿಚಾರ ತಿಳಿಯದು, ಊರಂತೂ ಎದ್ದಿತ್ತು. ನಿಲ್ದಾಣದ ಈ ತುದಿಯಿಂದ ಆ ತುದಿಯವರೆಗೆ ಜನ, ಮಡಿಸಿಟ್ಟ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಬುತ್ತಿ ಹಿಡಿದುಕೊಂಡು, ಯಾರನ್ನೂ ನೋಡದವರಂತೆ ಆಕಾಶ ನೋಡುತ್ತ ನಿಂತಿದ್ದರು. ಮೊಟ್ಟಮೊದಲು ಕಣ್ಣಿಗೆ ಬಿದ್ದವನು ದರ್ಜಿ. ಅವನ ಹೆಂಡತಿ, ಮಕ್ಕಳು, ತಂಗಿ, ತಂಗಿಯ ಗಂಡ, ಅವರ ನಡುವೆ ಕುರ್ಚಿಯ ಸಮೇತ ಅವನ ಮುದಿ ತಂದೆ.

"ಏನಪ್ಪಾ ಇಷ್ಟು ಬೇಗ?" ಎಂದ ಗಮನಕ್ಕಪ್ಪ.

"ಹಲ್ಲುನೋವು. ಡಾಕ್ಟರ ಹತ್ರ ಹೊರಟಿದ್ದೀನಿ."

"ಮನೆಮಂದಿಯೆಲ್ಲ?"

"ವಂಶಪಾರಂಪರ್ಯ," ಎಂದು ದರ್ಜಿ ಕೆನ್ನೆ ಹಿಡಿದುಕೊಂಡ. ಅವನ ಕೊರಳಿನಲ್ಲಿ ದೂರದ ವಸ್ತುಗಳನ್ನು ನೋಡುವ ದುರ್ಬೀನು ನೇತಾಡುತ್ತಿತ್ತು. ನೋಯುವ ಹಲ್ಲು ಬಹಳ ದೂರದಲ್ಲಿರಬೇಕು.

ಅಷ್ಟರಲ್ಲಿ ನಿಲ್ದಾಣದ ಮೇಲ್ವಿಚಾರಕ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. "ಏನ್ರೀ ಇದು ಗಮನಕ್ಕಪ್ಪನವರೇ! ಇಂಥ ದೊಡ್ಡ ಘೋಷಣೆ ಮಾಡೋ ಮುಂಚೆ ನನಗೊಂದು ಮಾತು ಹೇಳ್ಬಾರದಾ? ರಾತ್ರಿಯಿಡೀ ಡ್ರೈವರುಗಳನ್ನ ಹುಡುಕಿ ಹೆಚ್ಚುವರಿ ಬಸ್ಸು ಬಿಡಿಸಿದ್ದೀನಿ."

"ಯಾವ ಘೋಷಣೆ ಸಾರ್?"

"ನೀರಿನ ಬಾಗಿಲು, ಎಡಕ್ಕೆ ತಿರುಗೋದು, ನೊಣ ಇಲ್ಲ, ದರ್ಜಿಗೆ ಹೇಳ್ಬೇಡ! ಇನ್ನು ಯಾವುದು?"

ಗಮನಕ್ಕಪ್ಪ ತನ್ನ ಬೆರಳನ್ನು ನೋಡಿಕೊಂಡ. ಹೆಂಡತಿ ಅವನನ್ನು ನೋಡಿದಳು. ಅತ್ತೆ ನಿಲ್ದಾಣದ ಗೋಡೆಯನ್ನು ನೋಡಿದರು, ಆದರೆ ಅದಕ್ಕೂ ಏನೂ ಹೇಳಲಿಲ್ಲ. ದರ್ಜಿ ಕೆನ್ನೆಯಿಂದ ಕೈ ತೆಗೆದು, "ಡಂಗುರ ಹೊಡೆಯೋನು ನಾನು, ಅಲ್ವಾ?" ಎಂದು ಕೇಳಿ ಬಸ್ಸು ಹತ್ತಿದ. ಹಲ್ಲು ವಾಸಿಯಾಗಿತ್ತು.

ವಾಪಸು ಹೋಗುವುದೆಂದರೆ ಷಡ್ಡಕನ ಕೈಗೆ ಅತ್ತೆಯನ್ನೂ ಭಾನುವಾರವನ್ನೂ ಒಪ್ಪಿಸಿದಂತೆ. ಗಮನಕ್ಕಪ್ಪ ದೇವರ ಮೇಲೆ ಭಾರ ಹಾಕಿ ಬಸ್ಸು ಹತ್ತಿದ. ದೇವರ ಮೇಲೆ ಭಾರ ಹಾಕಿದ್ದು ಸರಿ. ಗಮನಕ್ಕಪ್ಪನ ಮೇಲೆ ಭಾರ ಹಾಕಿದವರು ಇಬ್ಬರು, ಒಬ್ಬರು ಕಾಲಿನ ಮೇಲೆ, ಒಬ್ಬರು ಬುತ್ತಿಯ ಮೇಲೆ.

ನೀರಿನ ಬಾಗಿಲಿನ ಕಾವಲಿನವನ ಸ್ಥಿತಿಯನ್ನು ವರ್ಣಿಸುವುದು ಕಷ್ಟ. ಪ್ರತಿದಿನದಂತೆ ಆಕಳಿಸುತ್ತ ಬಾಗಿಲು ತೆರೆದವನು ಆಕಳಿಕೆಯನ್ನು ಮುಚ್ಚುವುದನ್ನೇ ಮರೆತ. ಬೆಟ್ಟದ ಬುಡದವರೆಗೆ ತಲೆಗಳು. ಅವನು ಕೂಡಲೇ ಬಾಗಿಲನ್ನು ಮತ್ತೆ ಹಾಕಿ, ಒಳಗಿನಿಂದ ಕೂಗಿದ: "ಯುದ್ಧಾನಾ?"

"ಅಲ್ಲ, ಪ್ರವಾಸ!" ಎಂದಿತು ಜನ.

ಅವನು ಒಬ್ಬೊಬ್ಬರನ್ನೇ ಬಿಡತೊಡಗಿದ. ಆ ಬಾಗಿಲು ಇದ್ದದ್ದೇ ಒಂದು ಕೊಡ ಹೊತ್ತ ಒಬ್ಬ ಹೆಂಗಸಿನ ಅಳತೆಗೆ. ದರ್ಜಿಯ ತಂದೆ ಕುರ್ಚಿಯ ಸಮೇತ ಅದರಲ್ಲಿ ಸಿಕ್ಕಿಕೊಂಡ. ಎಳೆಯುವವರು ಎಳೆದರು, ತಳ್ಳುವವರು ತಳ್ಳಿದರು, ಮುದುಕ ಮಾತ್ರ "ಇಲ್ಲಿ ತಂಪಾಗಿದೆ, ಬಿಡ್ರೋ" ಎನ್ನುತ್ತಿದ್ದ. ಸಾಲು ನಿಂತಲ್ಲೇ ನಿಂತಿತು.

ಆಗ ಗಮನಕ್ಕಪ್ಪನಿಗೆ ಒಂದು ವಿಚಾರ ಹೊಳೆಯಿತು. ಇಡೀ ಊರು ಇಲ್ಲಿದೆ ಎಂದ ಮೇಲೆ ಅಲ್ಲಿ ಯಾರಿದ್ದಾರೆ? ಅವನು ಹೆಂಡತಿಯ ಕಿವಿಗೆ ಬಾಗಿ, ಅತಿ ಮೆಲ್ಲಗೆ ಹೇಳಿದ:

"ಲೇ, ಇಷ್ಟೊತ್ತಿಗೆ ಮುಂಬಾಗಿಲೂ ತೆಗೆದಿರ್ತಾರೆ, ಅಲ್ಲಿ ಖಾಲಿ ಇರುತ್ತೆ. ಸದ್ದಿಲ್ಲದೆ ಆ ಕಡೆ ಹೋಗೋಣ."

ಈಗ ಮೈಕು ಇರಲಿಲ್ಲ ನಿಜ. ಆದರೆ ಇಷ್ಟು ವರ್ಷ ಹನ್ನೆರಡು ಕಂಬಗಳಿಗೆ ಊಟ ಹಾಕಿದ ಗಂಟಲು ಅದು. ಅದಕ್ಕೆ ಮೆಲ್ಲಗೆ ಎಂಬುದು ಗೊತ್ತಿರಲಿಲ್ಲ. ಎದುರಿನ ಕೋಟೆಗೋಡೆ ಆ ಮಾತನ್ನು ಎತ್ತಿಕೊಂಡು, "ಹೋಗೋಣ, ಹೋಗೋಣ" ಎಂದು ಬೆಟ್ಟಕ್ಕೆಲ್ಲ ಹಂಚಿತು. ಆಮೇಲೆ ಇಡೀ ಸಾಲು ಹಿಂದುಮುಂದಾಗಿ ತಿರುಗಿ ಮುಂಬಾಗಿಲಿಗೆ ಓಡಿತು.

"ನಿನ್ನ ಗಂಡನಿಗೆ ಹೇಳು, ಬಾಯಿಗೆ ಒಂದು ಬೀಗ..." ಎಂದು ಅತ್ತೆ ಆರಂಭಿಸಿ, ಮಗಳ ಮುಖ ನೋಡಿ ಅರ್ಧಕ್ಕೇ ಬಿಟ್ಟರು.

ಅಂತೂ ಮುದುಕನೂ ಸಡಿಲವಾಗಿ, ಎರಡು ಬಾಗಿಲುಗಳಿಂದಲೂ ಜನ ತುಂಬಿಕೊಂಡರು. ಈ ಮೂವರು ಮೇಲಂತಸ್ತಿನ ಕಿರಿದಾದ ಓಣಿಗೆ ತಲುಪುವ ಹೊತ್ತಿಗೆ ರಾಣಿ ಕೋಣೆಯ ಮುಂದೆ ಸಾಸಿವೆ ಹಾಕಿದರೆ ಕೆಳಗೆ ಬೀಳದಷ್ಟು ನೂಕುನುಗ್ಗಲು. ಕೋಣೆಗೆ ಒಂದು ಕಬ್ಬಿಣದ ಜಾಲರಿ. ಮುಂದೆ ನಿಂತವರಷ್ಟೇ ಅದರೊಳಗೆ ಇಣುಕಬಹುದು. ಇಣುಕಿದವರು ತುಸು ಹೊತ್ತು ಸುಮ್ಮನಿರುತ್ತಿದ್ದರು, ಆಮೇಲೆ ಹಿಂದಿದ್ದವರ ಕಡೆ ತಿರುಗಿ ಕಣ್ಣರಳಿಸುತ್ತಿದ್ದರು.

"ಹೇಗಿದೆ? ಹೇಗಿದೆ?" ಎಂದು ಅತ್ತೆ ತುದಿಗಾಲಿನಲ್ಲಿ ನಿಂತು ಕೇಳಿದರು.

"ಅಬ್ಬಬ್ಬಾ!" ಎಂದ ದರ್ಜಿ, ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ ಈಚೆ ಬರುತ್ತ. "ಬಾಯಲ್ಲಿ ಹೇಳೋಕಾಗಲ್ಲ ಅಜ್ಜಿ. ನೋಡಿದೋರೇ ಪುಣ್ಯವಂತರು."

"ಚಿನ್ನದ್ದಾ?"

"ಚಿನ್ನ ಏನು ಮಹಾ!" ಎಂದು ಅವನ ಹೆಂಡತಿ ನಿಟ್ಟುಸಿರು ಬಿಟ್ಟಳು.

ಅತ್ತೆಯ ಕಣ್ಣು ಹೊಳೆಯಿತು. ಎರಡು ಹೆಜ್ಜೆ ಮುಂದೆ ಹೋದರು. ಮೂರನೆಯ ಹೆಜ್ಜೆಗೆ ಅವರ ಮುಂದೆ ಒಂದು ಬೆನ್ನು ಬಂದು ನಿಂತಿತು. ಅಗಲವಾದ, ಬೆವರಿದ, ಯಾವ ಕಡೆಯಿಂದಲೂ ದಾರಿ ಕೊಡದ ಬೆನ್ನು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಿಂದಕ್ಕೆ ಸರಿದು, ಓಣಿಯ ಕಲ್ಲುಮೆಟ್ಟಿಲ ಮೇಲೆ ಕೂತು, ಪಕ್ಕದ ಕೋಟೆಗೋಡೆಗೆ ಹೇಳಿದರು:

"ಗೋಡೆಯೇ, ಅವರಿದ್ದಾಗಲೂ ಹೀಗೇ ಆಯ್ತು. ನನ್ನ ಹಣೇಲಿ ಬರೆದಿರೋದೇ ಬೆನ್ನು. ಮನೆಗೆ ಹೋಗೋಣ ಅಂತ ಹೇಳು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಮನಕ್ಕಪ್ಪ ತಡೆದುಕೊಳ್ಳುತ್ತಿದ್ದ. 

ಅದೇ ಹೊತ್ತಿಗೆ ಕೋಟೆಯ ಅಧಿಕಾರಿ ಧಾವಿಸಿ ಬಂದ. ಅವನ ಬಿಡಾರ ಕೋಟೆಯೊಳಗೇ. ಕ್ಷೌರ ಮಾಡಿಕೊಳ್ಳುತ್ತಿದ್ದವನು ಒಂದು ಕೆನ್ನೆ ಮುಗಿಸಿ, ಇನ್ನೊಂದಕ್ಕೆ ಸೋಪು ಬಳಿದಿದ್ದಾಗ ಗದ್ದಲ ಕೇಳಿ ಎದ್ದು ಬಂದಿದ್ದ.

"ಯಾರ್ರೀ ಇವರನ್ನೆಲ್ಲ ಕರೆದೋರು?"

ಎಲ್ಲ ಬೆರಳುಗಳೂ ಒಂದೇ ಕಡೆ ತಿರುಗಿದವು. ಕುರ್ಚಿಯ ಮೇಲಿದ್ದ ಮುದುಕ ಕೋಲಿನಿಂದಲೇ ತೋರಿಸಿದ.

"ಸ್ವಾಮಿ, ನಾನು ನನ್ನ ಹೆಂಡತಿಗೆ ಗುಟ್ಟಾಗಿ..."

"ಇದು ಗುಟ್ಟಾ? ಹಾಗಾದ್ರೆ ನೀವು ಬಹಿರಂಗವಾಗಿ ಹೇಳೋದು ಯಾವ ದೇಶಕ್ಕೆ ಕೇಳಿಸುತ್ತೆ? ಈ ಓಣಿ ಹಳೇದು ಕಣ್ರೀ, ಇಷ್ಟು ಜನ ಒಂದೇ ಸಲ ನಿಂತ್ರೆ ಕುಸಿದುಹೋಗುತ್ತೆ! ಕರೆದೋರು ನೀವು, ಕಳಿಸೋರೂ ನೀವೇ. ಏನು ಮಾಡ್ತೀರೋ ಮಾಡಿ, ಖಾಲಿ ಮಾಡಿಸಿ!"

ಗಮನಕ್ಕಪ್ಪ ಜನರನ್ನು ನೋಡಿದ, ಮೆಟ್ಟಿಲ ಮೇಲೆ ಕೂತ ಅತ್ತೆಯನ್ನು ನೋಡಿದ. ಖಾಲಿ ಮಾಡಿಸಿದರೆ ರಾಣಿ ಕೋಣೆಯೂ ಖಾಲಿ. ಅವನಿಗೆ ಗೊತ್ತಿದ್ದ ಮಂತ್ರ ಒಂದೇ. ಆದರೆ ಆ ಮಂತ್ರವನ್ನು ಅವನು ಯಾವತ್ತೂ ಸುಳ್ಳಿಗೆ ಬಳಸಿದವನಲ್ಲ. ಬಸ್ಸು ಬಾರದಿದ್ದರೆ ಬಾರದು ಎಂದೇ ಕೂಗುತ್ತಿದ್ದ, ಮೇಲ್ವಿಚಾರಕ ಕಣ್ಣು ಕೆಂಪಗೆ ಮಾಡಿದರೂ. "ದೇವರೇ, ಇದೊಂದು ಸಲ ಕಿವಿ ಮುಚ್ಚಿಕೋ," ಎಂದು ಮನಸ್ಸಿನಲ್ಲೇ ಬೇಡಿಕೊಂಡು, ಎದೆ ತುಂಬ ಉಸಿರೆಳೆದುಕೊಂಡ.

"ಪ್ರಯಾಣಿಕರ ಗಮನಕ್ಕೆ! ಊರಿಗೆ ಹೋಗುವ ಕಟ್ಟಕಡೆಯ ಬಸ್ಸು ಇದೀಗ ಹೊರಡಲಿದೆ. ಇದು ತಪ್ಪಿದರೆ ಬೇರೆ ಬಸ್ಸು ಇರುವುದಿಲ್ಲ. ಪ್ರಯಾಣಿಕರು ಕೂಡಲೇ ತಮ್ಮ ಆಸನಗಳಲ್ಲಿ ಕುಳಿತುಕೊಳ್ಳಬೇಕಾಗಿ ವಿನಂತಿ."

ಸೂರ್ಯ ಇನ್ನೂ ಕೋಟೆಯ ಗೋಡೆಗಿಂತ ಮೇಲೆ ಬಂದಿರಲಿಲ್ಲ. ಬೆಳಬೆಳಗ್ಗೆ ಕಟ್ಟಕಡೆಯ ಬಸ್ಸು ಹೇಗೆ ಹೊರಟೀತು ಎಂದು ಒಬ್ಬನಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಆ ಧ್ವನಿಯೇ ಹಾಗೆ. ಊರಿಗೆ ಊರೇ ಒಂದೇ ಉಸಿರಿಗೆ ಇಳಿಜಾರು ಹಿಡಿಯಿತು. ದರ್ಜಿ ಮಕ್ಕಳನ್ನು ಎಣಿಸದೆ ಓಡಿದ. ಮುದುಕ ಕುರ್ಚಿಯಿಂದ ಎದ್ದು, ಕುರ್ಚಿಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಓಡಿದ. ಕಾವಲಿನವನು ಕೀಲಿಕೈ ಗೊಂಚಲು ಝಣಝಣಿಸುತ್ತ ಓಡಿದ. ಕೊನೆಗೆ ಕೋಟೆಯ ಅಧಿಕಾರಿಯೂ, ಯಾವ ಊರಿಗೂ ಹೋಗಬೇಕಿಲ್ಲದವನು, ಒಂದು ಕೆನ್ನೆಯ ಸೋಪಿನ ಸಮೇತ ಓಡಿದ.

ಓಣಿ ನಿಶ್ಶಬ್ದವಾಯಿತು. ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು. ಗಮನಕ್ಕಪ್ಪ ಕಣ್ಣು ಮುಚ್ಚಿ ಆ ಮೌನವನ್ನು ಸವಿದ. ಷಡ್ಡಕನ ಪಾಸು ಇಂಥ ಮೌನವನ್ನು ತಂದೀತೇ? ಅವನು ಮೆಟ್ಟಿಲ ಕಡೆ ತಿರುಗಿ, ಸೊಂಟ ಬಗ್ಗಿಸಿ, ಕೈ ಚಾಚಿ, ರಾಜಭಟನಂತೆ ಹೇಳಿದ:

"ಬನ್ನಿ ಅತ್ತೆ. ಈಗ ನೋಡಿ."

ಮೆಟ್ಟಿಲು ಖಾಲಿಯಾಗಿತ್ತು.

ಅವನು ಕಿಟಕಿಗೆ ಓಡಿ ಕೆಳಗೆ ನೋಡಿದ. ಬೆಟ್ಟದ ಹಾದಿಯಲ್ಲಿ ಜನ ಜಾರುತ್ತಿದ್ದರು. ಅವರ ನಡುವೆ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಮಗಳನ್ನು ದರದರ ಎಳೆದುಕೊಂಡು, ದರ್ಜಿಯನ್ನು ಹಿಂದೆ ಹಾಕಿ ಓಡುತ್ತಿದ್ದವರು ಅತ್ತೆ. ಮಂಡಿನೋವಿಗೆ ಅವರು ಎಷ್ಟೋ ಎಣ್ಣೆ ತಿಕ್ಕಿಸಿಕೊಂಡಿದ್ದರು. ಯಾವ ಎಣ್ಣೆಗೂ ಆಗದ್ದು ಅಳಿಯನ ಒಂದು ಘೋಷಣೆಯಿಂದ ಆಗಿತ್ತು.

ಗಮನಕ್ಕಪ್ಪ ಇನ್ನು ಕೋಣೆಯನ್ನು ಯಾರಿಗೆ ತೋರಿಸಬೇಕು? ಆದರೂ ಬಂದದ್ದಕ್ಕೆ ನೋಡಿಬಿಡೋಣ ಎಂದು ಜಾಲರಿಯ ಬಳಿ ಹೋಗಿ, ಒಬ್ಬನೇ, ನಿಧಾನವಾಗಿ, ಯಾವ ಬೆನ್ನೂ ಅಡ್ಡವಿಲ್ಲದೆ ಒಳಗೆ ನೋಡಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

ಕೆಳಗೆ ಬಸ್ಸು ಕಿಕ್ಕಿರಿದಿತ್ತು. ಜನ ಹೀಗೆ ನುಗ್ಗಿದ್ದು ನೋಡಿ ಡ್ರೈವರನೂ, ನಿಜವಾಗಿಯೂ ಇದೇ ಕೊನೆಯದಿರಬೇಕು ಎಂದು ಎಂಜಿನ್ನು ಚಾಲೂ ಮಾಡಿಬಿಟ್ಟಿದ್ದ. ಹೆಚ್ಚುವರಿ ಬಸ್ಸುಗಳ ಡ್ರೈವರುಗಳೂ ತಮ್ಮ ತಮ್ಮ ಬಸ್ಸು ಬಿಟ್ಟು ಇದರಲ್ಲೇ ಹತ್ತಿ ಕೂತಿದ್ದರು. ಗಮನಕ್ಕಪ್ಪ ತಲೆ ತಗ್ಗಿಸಿಕೊಂಡು ಹತ್ತಿದ. ಅತ್ತೆ ಮುಂದಿನ ಸೀಟಿನಲ್ಲಿ ಏದುಸಿರು ಬಿಡುತ್ತ ಕೂತಿದ್ದರು. ಮಾತು ಸಾಗಿಸಲು ಪಕ್ಕದಲ್ಲಿದ್ದ ಮಗಳು ಎಂದಿನಂತೆ ಬಾಯಿ ತೆರೆದು ಸಿದ್ಧಳಾದಳು.

ಅತ್ತೆ ಅಳಿಯನ ಮುಖ ನೋಡಿದರು. ಈ ಬಸ್ಸಿನಲ್ಲಿ ರಾಣಿ ಕೋಣೆಯನ್ನು ಸಾವಕಾಶವಾಗಿ ನೋಡಿ ಬಂದ ಪ್ರಾಣಿ ಅದೊಂದೇ ಎಂಬುದು ಅವರಿಗೆ ಹೊಳೆಯಿತು. ಅವರು ಮಗಳ ಬಾಯನ್ನು ಕೈಯಿಂದ ಮುಚ್ಚಿದರು.

"ಅಳಿಯಂದ್ರೇ," ಎಂದರು. "ಏನಿತ್ತು ಒಳಗೆ?"

ಹೆಂಡತಿಯ ಕಣ್ಣುಗಳು ಅತ್ತೆಯ ಕೈಯ ಮೇಲಿನಿಂದ ದೊಡ್ಡವಾದವು. ಗಮನಕ್ಕಪ್ಪ ಹಿಂದೆ ತಿರುಗಿ ನೋಡಿದ, ತನ್ನ ಬೆನ್ನ ಹಿಂದೆ ಷಡ್ಡಕ ನಿಂತಿದ್ದಾನೋ ಎಂದು. ಯಾರೂ ಇರಲಿಲ್ಲ. ಮಾತು ತನಗೇ.

ಏನು ಹೇಳುವುದು? ಚಿನ್ನದ ಮಂಚ ಎನ್ನಬಹುದು, ಮುತ್ತಿನ ಉಯ್ಯಾಲೆ ಎನ್ನಬಹುದು. ಬಸ್ಸಿನ ತುಂಬ ಅಬ್ಬಬ್ಬಾ ಎಂದವರೇ ಕೂತಿದ್ದಾರೆ, ಸಾಕ್ಷಿಗೆ ಕೊರತೆಯಿಲ್ಲ. ಬೇಕಾಗಿದ್ದ ಮಾತು ಸಿಕ್ಕಿದೆ, ಅದನ್ನು ಉಳಿಸಿಕೊಳ್ಳಲು ಒಂದು ಸಣ್ಣ ಮಂಚ ಸಾಕು. ಆದರೆ ಒಂದು ದಿನಕ್ಕೆ ಒಂದು ಸುಳ್ಳಿಗಿಂತ ಹೆಚ್ಚು ಆ ಗಂಟಲಿನಲ್ಲಿ ಹೊರಡಲಿಲ್ಲ. ಅವನು ಬಾಗಿ, ಅವರೊಬ್ಬರಿಗೇ ಕೇಳಿಸುವಂತೆ ಪಿಸುಗುಟ್ಟಿದ. ಬಸ್ಸಿಗೆಲ್ಲ ಕೇಳಿಸಿತು.

"ಏನೂ ಇರಲಿಲ್ಲ ಅತ್ತೆ. ನಾಲ್ಕು ಗೋಡೆ. ಮಧ್ಯದಲ್ಲಿ ಮುಟ್ಟಬಾರದು ಅಂತ ಒಂದು ಫಲಕ. ಮುಟ್ಟೋಕೆ ಅಲ್ಲಿದ್ದದ್ದು ಆ ಫಲಕ ಒಂದೇ."

ಬಸ್ಸು ತಣ್ಣಗಾಯಿತು. ದರ್ಜಿ ತನ್ನ ಅಂಗಿಯ ಗುಂಡಿಯೊಂದನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಅವನ ಹೆಂಡತಿಗೆ ಕಿಟಕಿಯಾಚೆ ಏನೋ ಕಂಡಿತು.

ಅತ್ತೆ ಮಗಳ ಬಾಯಿಂದ ಕೈ ತೆಗೆದರು.

"ಅವರೂ ಹಾಗೇ ಅಂದ್ರು," ಎಂದರು.

"ಯಾರು ಅತ್ತೆ?"

"ನಿಮ್ಮ ಮಾವ. ಅವರು ಎತ್ತರ ಅಲ್ವಾ, ಆ ಬೆನ್ನಿನ ಮೇಲಿಂದ ಇಣುಕಿ ನೋಡಿ, 'ಏನೂ ಇಲ್ಲ ಕಣೇ, ಬಾ ಹೋಗೋಣ' ಅಂದ್ರು. ಈಚೆ ಬಂದೋರೆಲ್ಲ ಅಬ್ಬಬ್ಬಾ ಅಂತಿದ್ರು. ಇವರಿಗೆ ನಿಲ್ಲೋಕೆ ಬೇಜಾರು, ಅದಕ್ಕೆ ಸುಳ್ಳು ಹೇಳ್ತಾರೆ ಅಂದ್ಕೊಂಡೆ. ಸಾಯೋ ತನಕ ಆಡ್ಕೊಂಡೆ ಅಳಿಯಂದ್ರೇ. ಸಾರಿಗೆ ಉಪ್ಪು ಕಮ್ಮಿ ಅಂದ್ರೆ, 'ನೀವು ರಾಣಿ ಕೋಣೆ ತೋರಿಸಿದೋರಲ್ವಾ' ಅಂತಿದ್ದೆ. ಪಾಪ, ಒಂದು ದಿನ ಎದುರಾಡಲಿಲ್ಲ."

ಅವರ ತುಟಿ ನಡುಗಿತು. ಅಳುತ್ತಾರೆಂದು ಮಗಳು ಕೈಚೌಕ ತೆಗೆದಳು. ಆದರೆ ಹೊರಟದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ಸೀಟೇ ಅಲುಗಾಡುವ ಹಾಗೆ. "ಮುಟ್ಟಬಾರದಂತೆ!" ಎಂದು ಅವರು ಅಳಿಯನ ತೋಳಿಗೆ ಹೊಡೆದು ನಕ್ಕರು. ಡ್ರೈವರ್ ನಕ್ಕ. ಕಂಡಕ್ಟರ್ ನಕ್ಕ. ಗತ್ಯಂತರವಿಲ್ಲದೆ ದರ್ಜಿಯೂ ನಕ್ಕ. ಒಂದು ಕೆನ್ನೆ ಸೋಪಿನ ಅಧಿಕಾರಿ ಹಿಂದಿನ ಸೀಟಿನಿಂದ, "ಆ ಫಲಕವನ್ನೂ ಹೊಸದಾಗಿ ಬರೆಸಿದ್ದು ನಾನೇ," ಎಂದು ಹೇಳಿದ್ದು ನಗುವಿನಲ್ಲಿ ಮುಳುಗಿಹೋಯಿತು.

ಅತ್ತೆ ಕಣ್ಣು ಒರೆಸಿಕೊಂಡು, ಮಗಳನ್ನು ಎಬ್ಬಿಸಿ, ಆ ಜಾಗವನ್ನು ತಟ್ಟಿ ತೋರಿಸಿದರು. "ಕೂತ್ಕೊಳ್ಳಿ ಇಲ್ಲಿ. ಅವರ ವಿಷಯ ಹೇಳ್ತೀನಿ ಕೇಳಿ. ಅವರು ನನ್ನ ನೋಡೋಕೆ ಬಂದ ದಿನ ಒಂದು ಕಾಲಿಗೆ ಕಂದು ಬೂಟು, ಇನ್ನೊಂದಕ್ಕೆ ಕಪ್ಪು..."

ಗಂಡ ಸತ್ತ ಮೇಲೆ ಒಳಗೇ ಕಟ್ಟಿಕೊಂಡಿದ್ದದ್ದೆಲ್ಲ ಅಣೆಕಟ್ಟು ಒಡೆದ ಹಾಗೆ ಹರಿಯಿತು. ಹನ್ನೆರಡು ಕಂಬಗಳ ಒಡೆಯನಾದ ಗಮನಕ್ಕಪ್ಪನಿಗೆ ದಾರಿಯುದ್ದಕ್ಕೂ ಹೂಂ ಎನ್ನುವುದಕ್ಕೂ ಎಡೆ ಸಿಗಲಿಲ್ಲ. ಬಸ್ಸು ಊರು ಮುಟ್ಟಿತು. ನಿಲ್ದಾಣದಲ್ಲಿ ನಿಂತಿತು. ಇಳಿಯಬೇಕಾದವರು ಯಾರೂ ಇಳಿಯಲಿಲ್ಲ. ದರ್ಜಿ ಮುಂದಿನ ಸೀಟಿಗೆ ಜರುಗಿ ಕೂತ. ಡ್ರೈವರ್ ಎಂಜಿನ್ನು ಆರಿಸಿ, ಹಿಂದಕ್ಕೆ ತಿರುಗಿ, ಗದ್ದಕ್ಕೆ ಕೈ ಕೊಟ್ಟ.

ಮೇಲ್ವಿಚಾರಕ ಓಡಿ ಬಂದು ಬಸ್ಸಿನ ಬಾಗಿಲು ಬಡಿದ. "ಏನ್ರೀ ಇದು? ಬಸ್ಸು ಖಾಲಿ ಮಾಡಿ! ಮುಂದಿನ ಊರಿನ ಜನ ಕಾಯ್ತಾ ಇದ್ದಾರೆ!"

ಕಂಡಕ್ಟರ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಿಟಕಿಯಿಂದ ತಲೆ ಹೊರಹಾಕಿದ.

"ಸ್ವಲ್ಪ ಸುಮ್ನಿರಿ ಸಾರ್. ಅಜ್ಜಿಗೆ ಈಗಷ್ಟೇ ಮದುವೆ ನಿಶ್ಚಯ ಆಗಿದೆ."